ಬಿ.ಪಿ. ಗುಳಿಗೆಯ ಸ್ಟ್ರಿಪ್‌ನಲ್ಲಿ ಏನಿದೆ, ಏನಿಲ್ಲ?

ರಕ್ತದೊತ್ತಡಕ್ಕೆ ದಿನವೂ ಗುಳಿಗೆ ನುಂಗುವವರು ಇಂದು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ನಿಮ್ಮ ಮನೆಯಲ್ಲಿಯೂ ಒಬ್ಬರಿರಬಹುದು. ಅವರ ಗುಳಿಗೆಯ ಸ್ಟ್ರಿಪ್ಪನ್ನು ಒಮ್ಮೆ ಕೈಗೆತ್ತಿಕೊಂಡು ಓದಿ ನೋಡಿ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂಬ ವಿವರ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಬೆಲೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆ - ಇಷ್ಟು ಅಲ್ಲಿ ಸಿಗುತ್ತದೆ, ಅದೂ ಬಹುಪಾಲು ಇಂಗ್ಲಿಷಿನಲ್ಲಿ. ಆದರೆ ಗುಳಿಗೆ ದೇಹದೊಳಗೆ ಹೋಗಿ ಏನು ಮಾಡುತ್ತದೆ, ಅದರಿಂದ ಯಾವ ಅಡ್ಡಪರಿಣಾಮ ಕಾಣಬಹುದು, ಕಂಡರೆ ನುಂಗುವವರು ಏನು ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ನಾವು ಪುಸ್ತಕಗಳನ್ನು ವಿಮರ್ಶಿಸುತ್ತೇವೆ, ಪಠ್ಯಕ್ರಮವನ್ನು ವಿಮರ್ಶಿಸುತ್ತೇವೆ. ಲಕ್ಷಾಂತರ ಜನ ದಿನಬೆಳಗಾದರೆ ಕೈಯಲ್ಲಿ ಹಿಡಿಯುವ ಈ ಪುಟ್ಟ ಬರಹವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಪರೂಪ. ಈ ಲೇಖನದ ಉದ್ದೇಶ ಅದೇ. ಇಲ್ಲಿ ಹೇಳಬೇಕಾಗಿರುವ ಮಾತು ಒಂದೇ: ಹೃದಯ ಮತ್ತು ರಕ್ತದೊತ್ತಡದ ಔಷಧಗಳ ಬಹುತೇಕ ಅಡ್ಡಪರಿಣಾಮಗಳು ಆ ಔಷಧ ಕೆಲಸ ಮಾಡುವ ಬಗೆಯಿಂದಲೇ ಹುಟ್ಟುತ್ತವೆ. ಕೆಲಸದ ಬಗೆ ತಿಳಿದವರಿಗೆ ಅಡ್ಡಪರಿಣಾಮ ಅರ್ಥವಾಗುತ್ತದೆ. ಅರ್ಥವಾದವರು ಹೆದರಿ ಗುಳಿಗೆ ಬಿಡುವುದಿಲ್ಲ. ನಮ್ಮ ವ್ಯವಸ್ಥೆಯಾದರೋ ಗುಳಿಗೆಯನ್ನು ಕೊಟ್ಟು ತಿಳುವಳಿಕೆಯನ್ನು ಉಳಿಸಿಕೊಳ್ಳುತ್ತದೆ.

ನಾಲ್ಕು ತಾಲ್ಲೂಕುಗಳನ್ನೇ ಏಕೆ ನೋಡಬೇಕು?

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿನವರು ಹೃದ್ರೋಗ ತಜ್ಞರನ್ನು ಕಾಣಬೇಕಾದರೆ ಸಾಮಾನ್ಯವಾಗಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಅಥವಾ ಗೋವಾದ ದಾರಿ ಹಿಡಿಯುತ್ತಾರೆ. ದಾಂಡೇಲಿಯಿಂದ ಧಾರವಾಡಕ್ಕೆ ಸುಮಾರು 55 ಕಿ.ಮೀ. ಜೋಯಿಡಾದ ಕಾಡಿನೊಳಗಿನ ಊರುಗಳವರು ಮೊದಲು ದಾಂಡೇಲಿಗೆ ಬರಬೇಕು, ಆಮೇಲೆ ಉಳಿದ ಪ್ರಯಾಣ. ಕಾಲು ಊದಿತೆಂದೋ ಕೆಮ್ಮು ಬಂತೆಂದೋ ಮರುದಿನವೇ ಗುಳಿಗೆ ಬರೆದ ವೈದ್ಯರ ಮುಂದೆ ಹೋಗಿ ನಿಲ್ಲುವುದು ಇಲ್ಲಿ ಸುಲಭವಲ್ಲ. ಮೂರು ತಿಂಗಳಿಗೊಮ್ಮೆ ಭೇಟಿ ಎಂದಾದರೆ, ನಡುವಿನ ಮೂರು ತಿಂಗಳು ರೋಗಿಯ ಬಳಿ ಇರುವುದು ಸ್ಟ್ರಿಪ್ ಮತ್ತು ಚೀಟಿ ಮಾತ್ರ.

ಭಾಷೆಯ ಪ್ರಶ್ನೆಯೂ ಇದೆ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಹಳಿಯಾಳದಲ್ಲಿ ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಕೇಳಿಬರುತ್ತವೆ. ದಾಂಡೇಲಿಗೆ 1950ರ ದಶಕದ ಕಾಗದದ ಕಾರ್ಖಾನೆಯೊಂದಿಗೆ ಬೇರೆಬೇರೆ ರಾಜ್ಯಗಳ ಜನ ಬಂದು ನೆಲೆಸಿದರು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸಾಹತು ಇದೆ. ಇಷ್ಟು ಭಾಷೆಗಳ ನಡುವೆ ಎಲ್ಲರ ಪಾಲಿನ ಸಾಮಾನ್ಯ ಓದುಭಾಷೆ ಎಂದರೆ ಶಾಲೆಯಲ್ಲಿ ಕಲಿತ ಕನ್ನಡ. ಆ ಕನ್ನಡವೇ ಸ್ಟ್ರಿಪ್‌ನಲ್ಲಿ ಇಲ್ಲ. ದೂರವೂ ಭಾಷೆಯೂ ಸೇರಿದ ಇಂತಹ ಕಡೆಗಳಲ್ಲಿ ತಿಳುವಳಿಕೆಯು ಗುಳಿಗೆಯ ಜೊತೆಗೇ ಮನೆ ತಲುಪಬೇಕು.

ಪಂಪು, ಪೈಪು ಮತ್ತು ನೀರು

ಹಾಗಾದರೆ ಮನೆ ತಲುಪಬೇಕಾದ ತಿಳುವಳಿಕೆ ಏನು? ಅದೇನೂ ಕಠಿಣವಾದುದಲ್ಲ. ಗದ್ದೆಗೆ ಪಂಪಿನಿಂದ ನೀರು ಹಾಯಿಸುವವರಿಗೆ ಅದರ ಅರ್ಧ ಭಾಗ ಆಗಲೇ ಗೊತ್ತಿದೆ. ಪೈಪಿನೊಳಗಿನ ಒತ್ತಡ ಮುಖ್ಯವಾಗಿ ಎರಡನ್ನು ಅವಲಂಬಿಸಿರುತ್ತದೆ: ಪಂಪು ನಿಮಿಷಕ್ಕೆ ಎಷ್ಟು ನೀರು ತಳ್ಳುತ್ತದೆ, ಮುಂದಿನ ಪೈಪು ಎಷ್ಟು ಕಿರಿದಾಗಿದೆ. ನಮ್ಮ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಕಿರಿದಾಗುವ, ಹಿಗ್ಗುವ ಕೆಲಸವನ್ನು ಸಣ್ಣ ಅಪಧಮನಿಗಳ ಗೋಡೆಯ ಸ್ನಾಯು ಮಾಡುತ್ತದೆ. ಒಳಗಿರುವ ನೀರು ಮತ್ತು ಉಪ್ಪಿನ ಪ್ರಮಾಣವನ್ನು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಬಿ.ಪಿ. ಗುಳಿಗೆಗಳು ಕೈಹಾಕುವುದು ಈ ಮೂರರಲ್ಲಿ ಒಂದಕ್ಕೆ: ಪಂಪಿಗೆ, ಪೈಪಿಗೆ ಅಥವಾ ನೀರಿಗೆ. ಒಂದೊಂದನ್ನೂ ನೋಡುತ್ತ ಹೋಗೋಣ.

ನೀರಿಗೆ ಕೈಹಾಕುವವು ಮೂತ್ರವರ್ಧಕಗಳು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಈ ಗುಂಪಿನವು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿನ ಉಪ್ಪು ನೀರನ್ನು ಬಹುಪಾಲು ಮತ್ತೆ ರಕ್ತಕ್ಕೆ ಹಿಂದಿರುಗಿಸುತ್ತವೆ. ಮೂತ್ರನಾಳಿಕೆಯ ಕೊನೆಯ ಭಾಗದಲ್ಲಿ ಉಪ್ಪನ್ನು ಹಿಂದಕ್ಕೆಳೆಯುವ ಒಂದು ಪ್ರೋಟೀನನ್ನು ಈ ಔಷಧ ತಡೆಯುತ್ತದೆ. ಉಪ್ಪು ಹೊರಹೋಗುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಮೊದಲ ಕೆಲವು ವಾರ ಮೂತ್ರ ಹೆಚ್ಚಾಗುವುದು ಆದ್ದರಿಂದಲೇ. ಇದೇ ಹಾದಿಯಲ್ಲಿ ಪೊಟ್ಯಾಸಿಯಂ ಕೂಡ ನಷ್ಟವಾಗಿ ಕಾಲಿನ ಸ್ನಾಯು ಸೆಳೆತ, ಸುಸ್ತು ಬರಬಹುದು. ಯೂರಿಕ್ ಆಮ್ಲ ಉಳಿದುಕೊಂಡು ಹೆಬ್ಬೆರಳಿನ ಕೀಲು ನೋಯಬಹುದು. ವಯಸ್ಸಾದವರಲ್ಲಿ ಸೋಡಿಯಂ ತೀರ ಇಳಿದರೆ ಮಂಪರು, ಮಾತಿನಲ್ಲಿ ಗೊಂದಲ ಕಾಣಿಸುತ್ತದೆ. ಮನೆಯವರು ಇದನ್ನು 'ವಯಸ್ಸಾಯಿತು' ಎಂದು ಬಿಟ್ಟುಬಿಡುವ ಸಾಧ್ಯತೆ ಇದೆ. ರಕ್ತದಲ್ಲಿನ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಒಂದು ಪರೀಕ್ಷೆ ಸಾಕು, ಕಾರಣ ತಿಳಿಯುತ್ತದೆ. ಆ ಪರೀಕ್ಷೆ ಮಾಡಿಸಬೇಕೆಂದು ಸ್ಟ್ರಿಪ್ ಹೇಳುವುದಿಲ್ಲ.

ಪೈಪನ್ನು ಹಿಗ್ಗಿಸುವವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಮ್ಲೋಡಿಪಿನ್. ಸ್ನಾಯು ಬಿಗಿಯಾಗಬೇಕಾದರೆ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಅಯಾನುಗಳು ಬರಬೇಕು. ಅವು ಬರುವ ಬಾಗಿಲನ್ನು ಆಮ್ಲೋಡಿಪಿನ್ ಅರ್ಧ ಮುಚ್ಚುತ್ತದೆ. ಅಪಧಮನಿ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆದರೆ ಅದು ಅಪಧಮನಿಗಳನ್ನು ಸಡಿಲಿಸಿದಷ್ಟು ಅಭಿಧಮನಿಗಳನ್ನು ಸಡಿಲಿಸುವುದಿಲ್ಲ. ಬರುವ ದಾರಿ ಅಗಲವಾಗಿ, ಹೋಗುವ ದಾರಿ ಹಾಗೆಯೇ ಉಳಿದರೆ ನಡುವಿನ ಸೂಕ್ಷ್ಮ ನಾಳಗಳಿಂದ ದ್ರವ ಹೊರಕ್ಕೆ ಜಿನುಗುತ್ತದೆ. ಸಂಜೆಯ ಹೊತ್ತಿಗೆ ಕಾಲಿನ ಹರಡಿನ ಬಳಿ ಬಾವು ಬರುವುದು ಹೀಗೆ. ಅಮೆರಿಕದಲ್ಲಿ ಈ ಔಷಧದ ಅಧಿಕೃತ ಮಾಹಿತಿ ಪತ್ರದಲ್ಲಿರುವ ಅಂಕಿಗಳ ಪ್ರಕಾರ 5 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ, 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಬಾವು ಕಂಡಿದೆ.

ಈ ಬಾವು ಕಿಡ್ನಿ ಕೆಟ್ಟದ್ದರ ಗುರುತಲ್ಲ. ಆದರೆ ನಮ್ಮಲ್ಲಿ ಕಾಲು ಊದಿದರೆ ಮೊದಲು ಹೊಳೆಯುವುದು ಕಿಡ್ನಿ. 'ಬಿ.ಪಿ. ಗುಳಿಗೆಯಿಂದ ಕಿಡ್ನಿ ಹೋಗುತ್ತದೆ' ಎಂಬ ನಂಬಿಕೆಗೆ ಈ ಬಾವು ಎಷ್ಟು ಬಲ ಕೊಟ್ಟಿರಬಹುದೆಂದು ಯೋಚಿಸಿ. ನಿಜಸ್ಥಿತಿ ತಿರುವುಮುರುವು: ಹತೋಟಿಗೆ ಬಾರದ ರಕ್ತದೊತ್ತಡವೇ ಮೂತ್ರಪಿಂಡಗಳನ್ನು ಹಾಳುಮಾಡುವ ದೊಡ್ಡ ಕಾರಣಗಳಲ್ಲೊಂದು. ಇನ್ನೊಂದು ತಪ್ಪೂ ಇಲ್ಲಿ ನಡೆಯುತ್ತದೆ. ಬಾವು ಇಳಿಸಲೆಂದು ಮೂತ್ರವರ್ಧಕ ಸೇರಿಸುವುದುಂಟು. ಈ ಬಾವಿಗೆ ಕಾರಣ ಉಪ್ಪು ನೀರಿನ ಸಂಗ್ರಹವಲ್ಲವಾದ್ದರಿಂದ ಮೂತ್ರವರ್ಧಕದಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರಮಾಣ ಇಳಿಸುವುದು ಅಥವಾ ಅಭಿಧಮನಿಯನ್ನೂ ಸಡಿಲಿಸುವ ಇನ್ನೊಂದು ಗುಂಪಿನ ಔಷಧವನ್ನು ಜೊತೆಗೂಡಿಸುವುದು ಸರಿಯಾದ ದಾರಿ.

ಆ ಇನ್ನೊಂದು ಗುಂಪಿನವು ಎನಲಾಪ್ರಿಲ್, ರಾಮಿಪ್ರಿಲ್ ಮತ್ತು ಅವುಗಳ ದಾಯಾದಿಗಳಾದ ಲೋಸಾರ್ಟನ್, ಟೆಲ್ಮಿಸಾರ್ಟನ್. ದೇಹದಲ್ಲಿ ಆಂಜಿಯೋಟೆನ್ಸಿನ್ ಎಂಬ ರಾಸಾಯನಿಕ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಉಪ್ಪನ್ನು ಹಿಡಿದಿಡಿಸುತ್ತದೆ. ಅದನ್ನು ತಯಾರಿಸುವ ಕಿಣ್ವದ ಹೆಸರು ಎಸಿಇ. ಎನಲಾಪ್ರಿಲ್ ಮತ್ತು ರಾಮಿಪ್ರಿಲ್ ಈ ಕಿಣ್ವವನ್ನು ತಡೆಯುತ್ತವೆ. ಟೆಲ್ಮಿಸಾರ್ಟನ್ ಕಿಣ್ವವನ್ನು ಬಿಟ್ಟು ಆಂಜಿಯೋಟೆನ್ಸಿನ್ ಬಂದು ಕೂರುವ ಗ್ರಾಹಕವನ್ನು ತಡೆಯುತ್ತದೆ. ಇದೇ ಕಿಣ್ವಕ್ಕೆ ಇನ್ನೊಂದು ಕೆಲಸವಿದೆ: ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದು ಹಾಕುವುದು. ಕಿಣ್ವವನ್ನು ತಡೆದಾಗ ಬ್ರಾಡಿಕೈನಿನ್ ಉಳಿದು ಗಂಟಲನ್ನು ಕೆರಳಿಸುತ್ತದೆ. ಪರಿಣಾಮ, ಕಫವಿಲ್ಲದ ಒಣ ಕೆಮ್ಮು. ಎಸಿಇ ತಡೆ ಔಷಧ ಪಡೆದವರಲ್ಲಿ ನೂರಕ್ಕೆ 5ರಿಂದ 20 ಮಂದಿಗೆ ಇದು ಬರುತ್ತದೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಕಾರಣ ತಿಳಿಯದವರು ಸಿರಪ್ ಕುಡಿಯುತ್ತಾರೆ, ಕ್ಷಯದ ಪರೀಕ್ಷೆಗೆ ಅಲೆಯುತ್ತಾರೆ. ಪರಿಹಾರ ಸರಳ: ವೈದ್ಯರು ಗುಳಿಗೆಯನ್ನು ಲೋಸಾರ್ಟನ್ ಅಥವಾ ಟೆಲ್ಮಿಸಾರ್ಟನ್‌ಗೆ ಬದಲಿಸುತ್ತಾರೆ, ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ. ಎರಡೂ ಬಗೆಯವನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು, ಏಕೆಂದರೆ ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಗಳಿಗೆ ಅಪಾಯ.

ಬ್ರಾಡಿಕೈನಿನ್ ಇನ್ನೊಂದು, ಹೆಚ್ಚು ಗಂಭೀರವಾದ ತೊಂದರೆಗೂ ಕಾರಣ. ಬಹಳ ಅಪರೂಪಕ್ಕೆ ತುಟಿ, ನಾಲಿಗೆ, ಮುಖ ಹಠಾತ್ತನೆ ಊದಿಕೊಂಡು ಉಸಿರಿಗೆ ತೊಡಕಾಗುತ್ತದೆ. ಆಫ್ರಿಕನ್ ಮೂಲದ ಜನರಲ್ಲಿ ಇದು ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಹಳಿಯಾಳ, ಮುಂಡಗೋಡ, ಜೋಯಿಡಾಗಳಲ್ಲಿ ಸಿದ್ದಿ ಸಮುದಾಯದ ಊರುಗಳಿವೆ. ಜಿಲ್ಲೆಯ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಆಫ್ರಿಕನ್ ಮೂಲವನ್ನು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ದೃಢಪಡಿಸಿದೆ. ಜೊತೆಗೆ ಭಾರತೀಯ ಮೂಲದ ಬೆರಕೆಯನ್ನೂ ತೋರಿಸಿದೆ. ಆದ್ದರಿಂದ ಅಮೆರಿಕದ ಅಂಕಿಗಳನ್ನು ತಂದು ಸಿದ್ದಿಯರಿಗೆ ನೇರವಾಗಿ ಅಂಟಿಸುವುದು ವಿಜ್ಞಾನವಲ್ಲ. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ತುಟಿ ನಾಲಿಗೆ ಊದಿದರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂಬ ಒಂದು ವಾಕ್ಯ, ಎಸಿಇ ತಡೆ ಔಷಧ ಪಡೆಯುವ ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ಸಿಗಬೇಕು.

ಪಂಪಿಗೆ ಕೈಹಾಕುವವು ಅಟೆನಲಾಲ್, ಮೆಟೊಪ್ರೊಲಾಲ್ ಮುಂತಾದ ಬೀಟಾ ಬ್ಲಾಕರ್‌ಗಳು. ಅಡ್ರಿನಲಿನ್ ಹೃದಯಕ್ಕೆ 'ಬೇಗ ಬೇಗ' ಎಂದು ಹೇಳುವ ಗ್ರಾಹಕಗಳನ್ನು ಇವು ಮುಚ್ಚುತ್ತವೆ. ನಾಡಿ ನಿಧಾನವಾಗುತ್ತದೆ, ಹೃದಯದ ಆಮ್ಲಜನಕದ ಬೇಡಿಕೆ ಇಳಿದು ಎದೆನೋವು ಕಡಿಮೆಯಾಗುತ್ತದೆ. ಈ ಬಗೆಯ ಮೊದಲ ಔಷಧಗಳನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ರಿಗೆ 1988ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಅಂಗೈ ತಣ್ಣಗಾಗುವುದು, ಏರು ಹತ್ತುವಾಗ ಬೇಗ ದಣಿಯುವುದು ಇದೇ ಕೆಲಸದ ಇನ್ನೊಂದು ಮುಖ. ಶ್ವಾಸನಾಳಗಳಲ್ಲಿಯೂ ಇಂತಹ ಗ್ರಾಹಕಗಳಿರುವುದರಿಂದ ಅಸ್ತಮಾ ಇರುವವರಿಗೆ ಉಬ್ಬಸ ಹೆಚ್ಚಬಹುದು. ಇನ್ಸುಲಿನ್ ಪಡೆಯುವ ಮಧುಮೇಹಿಗಳಿಗೆ ಸಕ್ಕರೆ ಇಳಿದಾಗ ಬರುವ ನಡುಕ, ಎದೆಬಡಿತ ಎಂಬ ಮುನ್ಸೂಚನೆಗಳು ಮರೆಯಾಗಬಹುದು. ಎಲ್ಲಕ್ಕಿಂತ ಮುಖ್ಯವಾದುದು, ಇವನ್ನು ಒಮ್ಮೆಲೇ ನಿಲ್ಲಿಸಬಾರದು. ಗ್ರಾಹಕಗಳನ್ನು ಬಹುಕಾಲ ಮುಚ್ಚಿಟ್ಟಾಗ ದೇಹ ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಹಠಾತ್ತನೆ ತೆರೆದರೆ ಹೃದಯ ಎಂದಿಗಿಂತ ಜೋರಾಗಿ ಓಡುತ್ತದೆ, ಹೃದಯಾಘಾತವೂ ಆಗಬಹುದು. ಮಳೆಗಾಲದಲ್ಲಿ ರಸ್ತೆ ಕೆಟ್ಟು ಒಂದು ವಾರ ಪೇಟೆಗೆ ಹೋಗಲಾಗದ ಊರುಗಳವರಿಗೆ ಈ ಮಾತು ತಿಳಿದಿರಲೇಬೇಕು. ಅವರು ಎರಡು ವಾರದ ಗುಳಿಗೆ ಕೈಯಲ್ಲಿ ಉಳಿದಿರುವಾಗಲೇ ಮುಂದಿನದನ್ನು ತರಬೇಕು.

'ರಕ್ತ ತೆಳು ಮಾಡುವ ಗುಳಿಗೆ' ಎಂಬ ತಪ್ಪು ಹೆಸರು

ಹೃದಯಾಘಾತವಾದವರಿಗೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳನ್ನು ಕನ್ನಡದಲ್ಲಿ 'ರಕ್ತ ತೆಳು ಮಾಡುವ ಗುಳಿಗೆ' ಎನ್ನುವುದು ರೂಢಿ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಇದು ವಿಜ್ಞಾನದ ದೃಷ್ಟಿಯಿಂದ ಸರಿಯಲ್ಲ. ಈ ಗುಳಿಗೆಗಳಿಂದ ರಕ್ತ ನೀರಾಗುವುದಿಲ್ಲ, ಅದರ ಪ್ರಮಾಣವೂ ಕಡಿಮೆಯಾಗುವುದಿಲ್ಲ. ಹೆಪ್ಪುಗಟ್ಟಲು ಬೇಕಾದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನು ಅವು ತಡೆಯುತ್ತವೆ, ಅಷ್ಟೆ. ಆಸ್ಪಿರಿನ್ ಒಮ್ಮೆ ತಟ್ಟಿದ ಕಿರುಬಿಲ್ಲೆ ತನ್ನ 7ರಿಂದ 10 ದಿನಗಳ ಆಯುಷ್ಯ ಮುಗಿಯುವವರೆಗೂ ಸರಿಯಾಗಿ ಅಂಟಲಾರದು. ಹಾಗಾಗಿಯೇ ಪುಟ್ಟ ಪ್ರಮಾಣ ದಿನಕ್ಕೊಮ್ಮೆ ಸಾಕು.

ಹೆಸರಿನಲ್ಲಿ ಏನಿದೆ ಎನ್ನುವಂತಿಲ್ಲ. ನಮ್ಮ ಆಡುಮಾತಿನಲ್ಲಿ ರಕ್ತಹೀನತೆಗೆ 'ರಕ್ತ ಕಡಿಮೆ' ಎನ್ನುತ್ತಾರೆ. 'ರಕ್ತ ಕಡಿಮೆ ಇದೆ' ಎಂದು ಕಬ್ಬಿಣದ ಗುಳಿಗೆ ಪಡೆದ ಹೆಂಗಸಿಗೆ 'ರಕ್ತ ತೆಳು ಮಾಡುವ' ಇನ್ನೊಂದನ್ನು ಕೊಟ್ಟರೆ ಆಕೆ ಯಾವುದನ್ನು ಬಿಡಬೇಕು? 'ಹೆಪ್ಪು ತಡೆಯುವ ಗುಳಿಗೆ' ಎಂದರೆ ಈ ಗೊಂದಲವೇ ಇರುವುದಿಲ್ಲ. ಅಡ್ಡಪರಿಣಾಮವೂ ಹೆಸರಿನಿಂದಲೇ ತಿಳಿಯುತ್ತದೆ: ಹೆಪ್ಪು ತಡೆದರೆ ಗಾಯದ ರಕ್ತ ನಿಲ್ಲುವುದು ತಡವಾಗುತ್ತದೆ, ಹೊಟ್ಟೆಯ ಒಳಪದರದಿಂದ ರಕ್ತ ಒಸರಬಹುದು, ಮಲ ಡಾಂಬರಿನಂತೆ ಕಪ್ಪಾದರೆ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದರಿಂದ, ಎರಡನ್ನೂ ತೆಗೆದುಕೊಳ್ಳುವವರು ವೈದ್ಯರಿಗೆ ಅದನ್ನು ಹೇಳಬೇಕು.

ಕಾಡಿನ ಬೇರಿಗೂ ಅಡ್ಡಪರಿಣಾಮವಿದೆ

ಕಾಡಿನ ನಡುವೆ ಬದುಕುವ ಈ ಪ್ರದೇಶದಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತದೆ: ಇಂಗ್ಲಿಷ್ ಗುಳಿಗೆಗೆ ಅಡ್ಡಪರಿಣಾಮ, ಬೇರು ನಾರಿಗೆ ಇಲ್ಲ. ಇದನ್ನು ಪರೀಕ್ಷಿಸಲು ಪಶ್ಚಿಮಘಟ್ಟದಲ್ಲಿಯೇ ಬೆಳೆಯುವ ಸರ್ಪಗಂಧಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ರಕ್ತದೊತ್ತಡ ಇಳಿಸುವುದನ್ನು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಲೇಖನ ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1950ರ ದಶಕದಲ್ಲಿ ಅದು ರಕ್ತದೊತ್ತಡಕ್ಕೆ ವ್ಯಾಪಕವಾಗಿ ಬಳಕೆಯಾಯಿತು.

ರೆಸರ್ಪಿನ್ ನರತುದಿಗಳಲ್ಲಿ ನಾರ್‌ಅಡ್ರಿನಲಿನ್ ಶೇಖರಣೆಯಾಗದಂತೆ ಮಾಡುತ್ತದೆ. ಶೇಖರಣೆ ಬರಿದಾದಾಗ ರಕ್ತನಾಳ ಸಡಿಲವಾಗುತ್ತದೆ, ನಾಡಿ ನಿಧಾನವಾಗುತ್ತದೆ. ಮೂಗಿನ ರಕ್ತನಾಳಗಳೂ ಸಡಿಲವಾಗಿ ಮೂಗು ಕಟ್ಟುತ್ತದೆ. ಮೆದುಳಿನ ನರಕೋಶಗಳಲ್ಲಿಯೂ ಅದೇ ಆಗುವುದರಿಂದ ಮಂಪರು ಬರುತ್ತದೆ. ಹೆಚ್ಚು ಪ್ರಮಾಣ ಪಡೆದ ಕೆಲವರಲ್ಲಿ ಖಿನ್ನತೆಯೂ ವರದಿಯಾಯಿತು. ಹೊಸ ಔಷಧಗಳು ಬಂದ ಮೇಲೆ ಅದರ ಬಳಕೆ ಇಳಿಯಲು ಇದೊಂದು ಕಾರಣ. ಇತ್ತ ಬೇರಿಗಾಗಿ ಗಿಡವನ್ನೇ ಕಿತ್ತು ಕಿತ್ತು, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹೇರಬೇಕಾದ ಜೀವಿಗಳ ಪಟ್ಟಿಗೆ ಅದು ಸೇರಿತು. ಎಸಿಇ ತಡೆ ಔಷಧಗಳ ಮೂಲವೂ ನಿಸರ್ಗವೇ. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಹೊರಟ ದಾರಿ 1981ರಲ್ಲಿ ಕ್ಯಾಪ್ಟೊಪ್ರಿಲ್ ಆಗಿ ಮಾರುಕಟ್ಟೆ ತಲುಪಿತು. ಬೇರಾಗಲಿ, ವಿಷವಾಗಲಿ, ಪ್ರಯೋಗಾಲಯದ ಪುಡಿಯಾಗಲಿ, ದೇಹದ ಒಂದು ಕೆಲಸವನ್ನು ಬದಲಿಸಬಲ್ಲ ವಸ್ತು ಇನ್ನೊಂದು ಕೆಲಸವನ್ನೂ ಅಲುಗಿಸುತ್ತದೆ. ಸರ್ಪಗಂಧದ ಪುಡಿಯನ್ನೂ ಬಿ.ಪಿ. ಗುಳಿಗೆಯನ್ನೂ ವೈದ್ಯರಿಗೆ ಹೇಳದೆ ಒಟ್ಟಿಗೆ ತೆಗೆದುಕೊಂಡರೆ ಒತ್ತಡ ತೀರ ಕುಸಿಯಬಹುದು.

ಪಟ್ಟಿ ಕೊಟ್ಟರೆ ಸಾಕೇ?

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಅಡ್ಡಪರಿಣಾಮಗಳನ್ನು ಹೇಳಿದರೆ ಜನ ಹೆದರಿ ಗುಳಿಗೆ ಬಿಡುವುದಿಲ್ಲವೇ ಎಂದು ವೈದ್ಯರು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಳಿಗೆಯನ್ನು ಅಡ್ಡಪರಿಣಾಮದ ಕಾರಣಕ್ಕೆ ಬಿಟ್ಟಿದ್ದ 60 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದು 2020ರಲ್ಲಿ ಪ್ರಕಟವಾಯಿತು. ಅವರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿಗುಳಿಗೆ, ಕೆಲವು ತಿಂಗಳು ಏನೂ ಇಲ್ಲದ ಖಾಲಿ ಶೀಸೆ ಕೊಡಲಾಯಿತು. ಸ್ಟಾಟಿನ್ ನುಂಗಿದಾಗ ಹೆಚ್ಚಾದ ತೊಂದರೆಯ ಸುಮಾರು 90 ಪಾಲು ಹುಸಿಗುಳಿಗೆ ನುಂಗಿದಾಗಲೂ ಕಂಡಿತು. ನಿರೀಕ್ಷೆಯೇ ನೋವನ್ನು ತರಬಲ್ಲದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಮ್ಮದೇ ಫಲಿತಾಂಶವನ್ನು ಬಿಡಿಸಿ ಹೇಳಿದ ಮೇಲೆ ಅರ್ಧದಷ್ಟು ಮಂದಿ ಮತ್ತೆ ಸ್ಟಾಟಿನ್ ಆರಂಭಿಸಿದರು. ಹೆದರಿಸಿದ್ದು ತಿಳುವಳಿಕೆಯಲ್ಲ, ಅರೆ ತಿಳುವಳಿಕೆ.

ಆದ್ದರಿಂದ ನಮ್ಮ ಆರೋಗ್ಯ ಅಂಕಣಗಳಲ್ಲಿ ಬರುವ ಉದ್ದುದ್ದ ಪಟ್ಟಿಗಳನ್ನೂ ಒಪ್ಪುವಂತಿಲ್ಲ. 'ತಲೆಸುತ್ತು, ವಾಂತಿ, ಸುಸ್ತು, ಬಾವು, ಅಪಸ್ಮಾರ' ಎಂದು ಒಂದೇ ಉಸಿರಿಗೆ ಬರೆದರೆ ನೂರಕ್ಕೆ ಹತ್ತು ಮಂದಿಗೆ ಬರುವುದು ಯಾವುದು, ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವುದು ಯಾವುದು ಎಂದು ಓದುಗರಿಗೆ ಹೇಗೆ ತಿಳಿಯಬೇಕು? ಏಕೆ ಬರುತ್ತದೆ, ಎಷ್ಟು ಜನರಿಗೆ ಬರುತ್ತದೆ, ಬಂದರೆ ಏನು ಮಾಡಬೇಕು - ಈ ಮೂರೂ ಇಲ್ಲದ ಪಟ್ಟಿ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ.

ಒಂದರ ಬದಲು ಎರಡು ಗುಳಿಗೆ ಬರೆದಾಗ 'ರೋಗ ಜೋರಾಯಿತು' ಎಂದು ಗಾಬರಿಯಾಗುವವರಿಗೂ ವಿವರಣೆ ಸಿಗಬೇಕು. 354 ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಬಿ.ಪಿ. ಗುಳಿಗೆಯ ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ಪರಿಣಾಮ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ತಗ್ಗುತ್ತದೆ. ಆದರೆ ಹಲವು ಅಡ್ಡಪರಿಣಾಮಗಳು ಅದಕ್ಕಿಂತ ಹೆಚ್ಚು ತಗ್ಗುತ್ತವೆ. ಒಂದನ್ನೇ ಮೇಲೇರಿಸುವ ಬದಲು ಎರಡನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದರ ಹಿಂದೆ ಈ ಲೆಕ್ಕವಿದೆ.

ಮಳೆ, ಪಾಳಿ, ಉಪ್ಪು, ಗೆಣಸು

ಊರಿಗೆ ತಕ್ಕ ಮಾತುಗಳೂ ಇವೆ. ಟೆಲ್ಮಿಸಾರ್ಟನ್ ಗುಳಿಗೆ ಗಾಳಿಯ ತೇವ ಹೀರುವಂಥದು. ವಾರದ ಗುಳಿಗೆಗಳನ್ನು ಬಿಡಿಸಿ ಡಬ್ಬಿಯಲ್ಲಿ ಇಡುವ ಅಭ್ಯಾಸ ಜೋಯಿಡಾ, ದಾಂಡೇಲಿಯ ಮಳೆಗಾಲದಲ್ಲಿ ಸರಿಯಲ್ಲ. ನುಂಗುವ ಹೊತ್ತಿಗೇ ಸ್ಟ್ರಿಪ್‌ನಿಂದ ತೆಗೆಯಬೇಕು.

ದಾಂಡೇಲಿಯ ಪಾಳಿ ಕೆಲಸಗಾರರು ಬೆಳಗ್ಗೆಯೇ ನುಂಗಬೇಕೇ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆಳಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ನುಂಗಲು ಅನುಕೂಲವಾದ ಹೊತ್ತೇ ಸರಿಯಾದ ಹೊತ್ತು. ಮೂತ್ರವರ್ಧಕವನ್ನು ಮಾತ್ರ ಮಲಗುವ ಮುನ್ನ ಬೇಡ.

ಮುಂಡಗೋಡದ ಟಿಬೆಟನ್ ಮನೆಗಳ ಬೆಣ್ಣೆ ಚಹಾಕ್ಕೆ ಉಪ್ಪು ಬೀಳುತ್ತದೆ, ನಮ್ಮ ಉಪ್ಪಿನಕಾಯಿ ಒಣಮೀನುಗಳಲ್ಲಿ ಉಪ್ಪೇ ಪ್ರಧಾನ. ಮೂತ್ರವರ್ಧಕ ಹೊರಹಾಕಿದ್ದನ್ನು ಊಟ ಮತ್ತೆ ತುಂಬಿಸಿದರೆ ಗುಳಿಗೆ ಸೋಲುತ್ತದೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಜೋಯಿಡಾದಲ್ಲಿ ಮೇಳ ನಡೆಯುವಷ್ಟು ಹೆಸರಾದ ಗಡ್ಡೆಗೆಣಸುಗಳಲ್ಲಿಯೂ ಅದು ಸಾಕಷ್ಟಿದೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ಗೆಣಸು ಒಳ್ಳೆಯ ಆಹಾರವೇ. ಆದರೆ ಟೆಲ್ಮಿಸಾರ್ಟನ್, ಎನಲಾಪ್ರಿಲ್‌ಗಳು ಪೊಟ್ಯಾಸಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತವೆ. ಮೂತ್ರಪಿಂಡದ ಕಾಯಿಲೆಯೂ ಇದ್ದು ಈ ಗುಳಿಗೆಗಳನ್ನು ತೆಗೆದುಕೊಳ್ಳುವವರು ಅಂತಹ ಉಪ್ಪನ್ನು ಬಿಡಬೇಕು, ಗೆಣಸಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಒತ್ತಡ ಏರಿಸುತ್ತವೆ. ಮೂತ್ರವರ್ಧಕ ಮತ್ತು ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ನಿಜವಾದ ಪೆಟ್ಟು ಕೊಡುತ್ತವೆ. ವಾಂತಿ ಭೇದಿಯಾಗಿ ದೇಹದ ನೀರು ಇಳಿದಾಗಲೂ ಈ ಗುಳಿಗೆಗಳನ್ನು ಮುಂದುವರಿಸಬೇಕೇ ಎಂದು ಕೂಡಲೇ ವಿಚಾರಿಸಬೇಕು.

ಕನ್ನಡದಲ್ಲಿ ಒಂದು ಚೀಟಿ

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಔಷಧದ ಮೂಲ ಹೆಸರನ್ನು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬ ನಿಯಮ 2018ರಲ್ಲಿ ಬಂತು. 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಆದರೆ ಆ ಕೋಡ್‌ನಲ್ಲಿ ಇರಬೇಕಾದವು ಹೆಸರು, ತಯಾರಕರು, ಬ್ಯಾಚ್, ತಾರೀಖು, ಪರವಾನಗಿ ಸಂಖ್ಯೆ. ನಕಲಿ ಔಷಧ ಹಿಡಿಯಲು ಅದು ಉಪಯುಕ್ತ, ನುಂಗುವವರ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಯುರೋಪಿನಲ್ಲಿ ರೋಗಿಗಾಗಿಯೇ ಬರೆದ ಮಾಹಿತಿ ಪತ್ರವನ್ನು ಅವರ ಭಾಷೆಯಲ್ಲಿ ಔಷಧದೊಂದಿಗೆ ಕೊಡಬೇಕೆಂಬ ನಿರ್ದೇಶನ 1992ರಷ್ಟು ಹಿಂದೆಯೇ ಬಂದಿದೆ.

2010ರಲ್ಲಿ ಆರಂಭವಾದ ಭಾರತದ ಔಷಧ ನಿಗಾ ಕಾರ್ಯಕ್ರಮ, ಅಡ್ಡಪರಿಣಾಮಗಳನ್ನು ಜನರೇ ವರದಿ ಮಾಡಲು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನಮೂನೆ ಕೊಟ್ಟಿದೆ. 1800-180-3024 ಅದರ ಶುಲ್ಕರಹಿತ ದೂರವಾಣಿ. ಇದು ಮೆಚ್ಚಬೇಕಾದ ಕೆಲಸ. ಆದರೆ ವಿಪರ್ಯಾಸ ನೋಡಿ: ವರದಿ ಮಾಡುವ ನಮೂನೆ ಕನ್ನಡದಲ್ಲಿದೆ, ಯಾವುದನ್ನು ಅಡ್ಡಪರಿಣಾಮವೆಂದು ಗುರುತಿಸಬೇಕೆಂಬ ಮಾಹಿತಿ ಇಂಗ್ಲಿಷಿನಲ್ಲಿದೆ. ಕೆಮ್ಮಿಗೂ ಗುಳಿಗೆಗೂ ಸಂಬಂಧವಿದೆಯೆಂದೇ ತಿಳಿಯದವರು ಏನೆಂದು ವರದಿ ಮಾಡಿಯಾರು?

ಸ್ಟ್ರಿಪ್‌ನಲ್ಲಿ ಜಾಗವಿಲ್ಲ ಎಂಬುದು ನಿಜ. ಜಾಗ ಬೇಕಾಗಿರುವುದು ಅಂಗೈಯಗಲದ ಒಂದು ಚೀಟಿಗೆ. ಆಮ್ಲೋಡಿಪಿನ್‌ಗೆ ಅದು ಹೀಗಿರಬಹುದು: 'ಇದು ರಕ್ತನಾಳ ಸಡಿಲಿಸುವ ಗುಳಿಗೆ. ದಿನಕ್ಕೊಂದು, ಒಂದೇ ಹೊತ್ತಿಗೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಕೆಲವರಿಗೆ ಕಾಲು ಊದಬಹುದು, ಮುಖ ಬಿಸಿಯಾಗಬಹುದು, ತಲೆ ನೋಯಬಹುದು; ಗುಳಿಗೆ ನಿಲ್ಲಿಸದೆ ಬಂದು ತಿಳಿಸಿ. ಉಬ್ಬಸ, ಎದೆನೋವು, ಕಣ್ಣು ಕತ್ತಲೆ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ನೋವಿನ ಗುಳಿಗೆಯನ್ನು ಕೇಳದೆ ನುಂಗಬೇಡಿ.' ಹೆಚ್ಚು ಬಳಕೆಯಲ್ಲಿರುವ ಗುಳಿಗೆಗಳು ಹತ್ತು ಹದಿನೈದು. ಹತ್ತು ಹದಿನೈದು ಚೀಟಿಗಳನ್ನು ಅಚ್ಚು ಹಾಕಿಸಿ ತಾಲ್ಲೂಕು ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಅದನ್ನೇ ಕೊಂಕಣಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಬಲ್ಲರು.

ಅಲ್ಲಿಯವರೆಗೆ ನೀವು ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಸಲ ಗುಳಿಗೆ ತರುವಾಗ ವೈದ್ಯರನ್ನೋ ಔಷಧ ಅಂಗಡಿಯ ಫಾರ್ಮಾಸಿಸ್ಟರನ್ನೋ ಮೂರು ಪ್ರಶ್ನೆ ಕೇಳಿ: ಇದು ಪಂಪಿಗೋ, ಪೈಪಿಗೋ, ನೀರಿಗೋ? ಇದರಿಂದ ನನಗೆ ಏನು ಕಾಣಿಸಬಹುದು? ಏನು ಕಂಡರೆ ನಾನು ಕಾಯದೆ ಬರಬೇಕು? ಉತ್ತರವನ್ನು ಕನ್ನಡದಲ್ಲಿ ಬರೆದು ಗುಳಿಗೆಯ ಡಬ್ಬಿಯ ಮೇಲೆ ಅಂಟಿಸಿಡಿ.